ಜಾಝ್ ಡ್ರಮ್ ರೆಕಾರ್ಡಿಂಗ್‌ನಲ್ಲಿ ಸದ್ದು ಕೆಟ್ಟರೆ: ದೋಷ ಹುಡುಕುವ ದಾರಿ

ಡ್ರಮ್ ಕಿಟ್ಟಿನ ರೆಕಾರ್ಡಿಂಗ್ ಸರಿಬರದಿದ್ದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಮೈಕಿನ ಮೇಲೆ. ಇನ್ನೂ ದುಬಾರಿಯದ್ದು ತಂದಿದ್ದರೆ ಹೀಗಾಗುತ್ತಿರಲಿಲ್ಲ ಅನ್ನಿಸುತ್ತದೆ. ಸಣ್ಣ ಕೋಣೆಗಳಲ್ಲಿ ಜಾಝ್ ರೆಕಾರ್ಡ್ ಮಾಡುತ್ತಾ ಬಂದ ನನಗೆ ಮೈಕೇ ಕಾರಣವಾಗಿರುವುದು ಅಪರೂಪವಾಗಿ ಕಂಡಿದೆ. ದೋಷ ಬಹುಪಾಲು ಡ್ರಮ್ಮಿನಲ್ಲಿರುತ್ತದೆ, ಚಾವಣಿಯಲ್ಲಿರುತ್ತದೆ, ಇಲ್ಲವೇ ಎರಡು ಮೈಕುಗಳು ಒಂದೇ ಪೆಟ್ಟನ್ನು ಬೇರೆ ಬೇರೆ ಹೊತ್ತಿಗೆ ಕೇಳಿಸಿಕೊಳ್ಳುವುದರಲ್ಲಿರುತ್ತದೆ. ಹುಡುಕಬೇಕಾದದ್ದೂ ಅದೇ ಕ್ರಮದಲ್ಲಿ.

ಅದಕ್ಕೂ ಮುಂಚೆ ಸರಿಯಾದ ಸದ್ದು ಹೇಗಿರುತ್ತದೆ ಎಂಬುದು ಕಿವಿಯಲ್ಲಿ ಇರಬೇಕು. ಇಲ್ಲದಿದ್ದರೆ ದೋಷವಲ್ಲದ್ದನ್ನೂ ತಿದ್ದಲು ಹೊರಡುತ್ತೇವೆ. ರಾಕ್ ಹಾಡಿಗೆ ಕಿಕ್ (ಕಾಲಿನ ಪೆಡಲಿನಿಂದ ಬಾರಿಸುವ ದೊಡ್ಡ ಡ್ರಮ್) ಮತ್ತು ಸ್ನೇರ್ (ಕೆಳಗಡೆ ತಂತಿಗಳು ತಾಗಿರುವ ಡ್ರಮ್) ಆಧಾರ. ಜಾಝ್‌ನಲ್ಲಿ ಲಯ ನಡೆಸುವುದು ರೈಡ್ ಸಿಂಬಲ್, ಅಂದರೆ ಕೋಲಿನಿಂದ ಬಾರಿಸುವ ದೊಡ್ಡ ಲೋಹದ ತಟ್ಟೆ. ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಹೈ-ಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್) ಮುಚ್ಚುತ್ತದೆ. ಕಿಕ್ ಬಹಳ ಸಲ ಕೇಳಿಯೂ ಕೇಳದಷ್ಟು ಮೆಲ್ಲಗೆ ಪ್ರತಿ ಎಣಿಕೆಗೂ ತಾಗುತ್ತಿರುತ್ತದೆ. ಕಿಟ್ಟೂ ಚಿಕ್ಕದು: 18 ಇಂಚಿನ ಕಿಕ್, ಕೆಲವರದು 20, 12 ಇಂಚಿನ ಟಾಮ್ (ತಂತಿಯಿಲ್ಲದ ಡ್ರಮ್), 14 ಇಂಚಿನ ಫ್ಲೋರ್ ಟಾಮ್, 14 ಇಂಚಿನ ಸ್ನೇರ್. ಕಿಕ್ಕಿನ ಮುಂದಿನ ಹೆಡ್ಡಿಗೆ (ಡ್ರಮ್ಮಿಗೆ ಬಿಗಿದ ಪೊರೆಗೆ) ಸಾಮಾನ್ಯವಾಗಿ ತೂತು ಇರುವುದಿಲ್ಲ, ಒಳಗೆ ದಿಂಬು ತುರುಕಿರುವುದಿಲ್ಲ, ಎಲ್ಲವನ್ನೂ ತುಸು ಮೇಲಿನ ಶ್ರುತಿಗೆ ಬಿಗಿದಿರುತ್ತಾರೆ. ಇಂಥ ಕಿಟ್ಟಿಗೆ ಎಂಟು ಹತ್ತು ಮೈಕುಗಳನ್ನು ಅಂಟಿಕೊಂಡಂತೆ ನಿಲ್ಲಿಸಿದರೆ ಒಂದೊಂದು ಟ್ರ್ಯಾಕೂ ಚೊಕ್ಕವಾಗಿ ಕೇಳುತ್ತದೆ, ಕೂಡಿಸಿದಾಗ ಕಿಟ್ಟು ಮಾತ್ರ ಇರುವುದಿಲ್ಲ. ಬ್ಲೂ ನೋಟ್ ಕಂಪನಿಯ ಧ್ವನಿಮುದ್ರಣಗಳಿಗೆ ಹೆಸರಾದ ರೂಡಿ ವ್ಯಾನ್ ಗೆಲ್ಡರ್ ಮೊದಲು ಕೆಲಸ ಮಾಡಿದ್ದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ, ತಂದೆತಾಯಿಯ ಮನೆಯ ಹಜಾರದಲ್ಲಿ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನ ತಮ್ಮದೇ ಸ್ಟುಡಿಯೋಕ್ಕೆ ಹೋಗುವವರೆಗೂ ಇಡೀ ತಂಡವನ್ನು ಅಲ್ಲಿಯೇ, ಕೆಲವೇ ಮೈಕುಗಳಲ್ಲಿ ಹಿಡಿದರು. ಮನೆಯ ಕೋಣೆಯಲ್ಲಿ ಕಿಟ್ಟು ಹಾಕಿಕೊಂಡು ಕೂತವರಿಗೆ ಇದಕ್ಕಿಂತ ಧೈರ್ಯ ಕೊಡುವ ಉದಾಹರಣೆ ನನಗೆ ಗೊತ್ತಿಲ್ಲ.

ಎಲ್ಲವನ್ನೂ ಇಳಿಸಿ, ಒಂದೇ ಮೈಕಿನಿಂದ ಶುರುಮಾಡಿ

ಇರುವ ಸೆಟಪ್ಪಿನಲ್ಲೇ ಮೈಕುಗಳನ್ನು ಅತ್ತಿತ್ತ ಸರಿಸುತ್ತಾ ಹೋದರೆ ಸಂಜೆಯಾಗುತ್ತದೆ, ತಪ್ಪು ಸಿಗುವುದಿಲ್ಲ. ಎಲ್ಲ ಫೇಡರ್‌ಗಳನ್ನೂ (ಒಂದೊಂದು ಮೈಕಿನ ಸದ್ದು ಏರಿಳಿಸುವ ಸರಿಗುಂಡಿಗಳನ್ನು) ಕೆಳಗಿಳಿಸಿ. ಒಂದು ಕಂಡೆನ್ಸರ್ ಮೈಕನ್ನು (ವಿದ್ಯುತ್ ಬೇಕಾಗುವ, ಸೂಕ್ಷ್ಮವಾಗಿ ಕೇಳುವ ಬಗೆ) ಕಿಟ್ಟಿನ ಮುಂದೆ, ಕಿಕ್ಕಿನಿಂದ ಒಂದು ಮೀಟರ್ ಆಸುಪಾಸಿನಲ್ಲಿ, ನುಡಿಸುವವರ ಎದೆಯ ಎತ್ತರಕ್ಕೆ ನಿಲ್ಲಿಸಿ ಸ್ನೇರ್ ಕಡೆ ಮುಖಮಾಡಿ. ಡ್ರಮ್ಮರ್‌ಗೆ ಮೂರು ಬಗೆಯಲ್ಲಿ ನುಡಿಸಲು ಹೇಳಿ: ಬರೀ ರೈಡ್ ಮತ್ತು ಹೈ-ಹ್ಯಾಟ್, ಬ್ರಷ್ಷಿನಲ್ಲಿ ನಿಧಾನ ಲಯ, ಕೋಲಿನಲ್ಲಿ ಪೂರ್ತಿ ಜೋರು. ಇಕ್ವಲೈಸರ್ (ಸದ್ದಿನ ಬೇರೆ ಬೇರೆ ಭಾಗಗಳನ್ನು ಏರಿಳಿಸುವುದು), ಕಂಪ್ರೆಸರ್ (ಜೋರು ಮೆಲ್ಲಗಳ ಅಂತರ ಕುಗ್ಗಿಸುವುದು) ಯಾವುದೂ ಬೇಡ. ಒಂದೊಂದು ನಿಮಿಷ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿ.

ದೋಷ ಇದರಲ್ಲೂ ಕೇಳುತ್ತಿದ್ದರೆ ಅದು ಡ್ರಮ್ಮಿನದು, ಕೋಣೆಯದು ಅಥವಾ ಆ ಒಂದು ಮೈಕಿನ ಜಾಗದ್ದು. ಇದರಲ್ಲಿ ಸದ್ದು ಚೆನ್ನಾಗಿದ್ದು, ಉಳಿದ ಮೈಕುಗಳನ್ನು ಏರಿಸಿದಾಗ ಕೆಡುತ್ತದೆಂದರೆ ಅದು ಮೈಕುಗಳ ನಡುವಿನ ಜಗಳ. ಈ ಎರಡನ್ನೂ ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಡ್ರಮ್ಮಿನದೇ ತಪ್ಪು ಎಂದು ತಿಳಿಯುವುದು

ಮೈಕ್ ಇರುವ ಜಾಗಕ್ಕೆ ನೀವೇ ಹೋಗಿ ನಿಂತು, ಒಂದು ಕಿವಿ ಮುಚ್ಚಿಕೊಂಡು ಕೇಳಿ. ಅಲ್ಲಿ ಕಿವಿಗೆ ಕೇಳುವ ಗಲಾಟೆಯನ್ನು ಯಾವ ಮೈಕೂ ತಪ್ಪಿಸಲಾರದು. ಪೆಡಲಿನ ಕಿರುಗುಡುವಿಕೆ, ಸಿಂಬಲ್ ಸ್ಟ್ಯಾಂಡಿನ ಸಡಿಲ ತಿರುಪು, ಸ್ಟೂಲಿನ ಕೀಲು ಇವೆಲ್ಲ ಬ್ರಷ್ಷಿನ ಮೆಲುಸದ್ದಿನ ನಡುವೆ ನಿಚ್ಚಳವಾಗಿ ಬಂದು ಕೂರುತ್ತವೆ. ಒಂದು ತೊಟ್ಟು ಎಣ್ಣೆ, ಒಂದು ಫೆಲ್ಟ್ ವಾಷರ್ ಸಾಕು.

ಟಾಮ್ ಬಾರಿಸಿದಾಗಲೆಲ್ಲ ಸ್ನೇರ್ ಚರ್ರೆನ್ನುವುದು ಎಲ್ಲರಿಗೂ ಬರುವ ದೂರು. ಸ್ನೇರಿನ ಪಕ್ಕದ ಸನ್ನೆಯನ್ನು ಕೆಳಗೆ ತಳ್ಳಿ ತಂತಿಗಳನ್ನು ಸಡಿಲಿಸಿ ಟಾಮ್ ಬಾರಿಸಿ. ಚರ್ರು ನಿಂತರೆ ಕಾರಣ ತಂತಿಯೇ. ತಂತಿ ಬಿಗಿಮಾಡುವುದು ಕೊನೆಯ ಉಪಾಯ, ಏಕೆಂದರೆ ಅದರಿಂದ ಬ್ರಷ್ಷಿನ ಸದ್ದೂ ಉಸಿರುಕಟ್ಟುತ್ತದೆ. ಟಾಮಿನ ಶ್ರುತಿ ಸ್ನೇರಿನ ಶ್ರುತಿಗೆ ತೀರಾ ಹತ್ತಿರವಿದ್ದಾಗ ಹೀಗಾಗುತ್ತದೆ, ಆದ್ದರಿಂದ ಟಾಮನ್ನು ಸ್ವಲ್ಪ ಏರಿಸಿ ಅಥವಾ ಇಳಿಸಿ ನೋಡಿ. ಒಂದೊಂದು ತಿರುಪಿನ ಬಳಿಯೂ ಅಂಚಿನಿಂದ ಎರಡು ಮೂರು ಸೆಂಟಿಮೀಟರ್ ಒಳಗೆ ಮೆಲ್ಲಗೆ ತಟ್ಟಿ, ಸುತ್ತಲೂ ಒಂದೇ ಸ್ವರ ಬರುವ ಹಾಗೆ ಬಿಗಿಯಬೇಕು. ಮೃದಂಗಕ್ಕೆ ಕಲ್ಲು ಮತ್ತು ಕಟ್ಟಿಗೆಯ ತುಂಡು ಹಿಡಿದು ಸುತ್ತ ತಟ್ಟುತ್ತಾ ಶ್ರುತಿ ಸೇರಿಸುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಡಬಲ್ ಬೇಸಿನ (ನಿಲ್ಲಿಸಿ ನುಡಿಸುವ, ಪಿಟೀಲಿನಂಥ ದೊಡ್ಡ ತಂತಿವಾದ್ಯದ) ಯಾವುದೋ ಒಂದು ಸ್ವರಕ್ಕೆ ಮಾತ್ರ ಸ್ನೇರ್ ನಡುಗುವುದೂ ಉಂಟು. ಅದಕ್ಕೂ ಮದ್ದು ಇದೇ. ಚರ್ರನ್ನು ಪೂರ್ತಿ ಅಳಿಸಲು ಹೋಗಬೇಡಿ. ತುಸು ಉಳಿದರೆ ಅದು ಜೀವಂತ ಕಿಟ್ಟಿನ ಸದ್ದು.

ಸದ್ದು ಟೊಳ್ಳಾಗಿದೆ, ಸ್ನೇರಿಗೆ ಮೈಯೇ ಇಲ್ಲ

ಇದು ನನಗೆ ಅತಿ ಮುಖ್ಯವೆನಿಸುವ ದೋಷ, ಏಕೆಂದರೆ ನಮ್ಮ ಮನೆಗಳ ಆರ್‌ಸಿಸಿ ಚಾವಣಿಯೇ ಇದಕ್ಕೆ ಕಾರಣ. ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಕಂಪನಿ 30ನೇ ಬೀದಿಯಲ್ಲಿ ನಡೆಸುತ್ತಿದ್ದ ಸ್ಟುಡಿಯೋ ಹಳೆಯ ಚರ್ಚಿನ ಕಟ್ಟಡವಾಗಿತ್ತು. ಅಂಥ ಎತ್ತರದ ಜಾಗದಲ್ಲಿ ಡ್ರಮ್ಮಿನ ಮೇಲೆ ಎಷ್ಟೆತ್ತರಕ್ಕೆ ಮೈಕ್ ತೂಗಿಸಿದರೂ ಚಾವಣಿಯ ಪ್ರತಿಫಲನ ತಡವಾಗಿ, ಸೋತು ಬರುತ್ತದೆ. ಆ ಚಿತ್ರಗಳನ್ನು ನೋಡಿ ಹತ್ತು ಅಡಿ ಎತ್ತರದ ಕೋಣೆಯಲ್ಲಿ ಮೈಕನ್ನು ಆದಷ್ಟು ಮೇಲೆ ಏರಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕೋಣ.

ಮೈಕಿಗೂ ಚಾವಣಿಗೂ ನಡುವೆ 35 ಸೆಂಟಿಮೀಟರ್ ಉಳಿದಿದೆ ಎಂದುಕೊಳ್ಳಿ. ಸ್ನೇರಿನ ಸದ್ದು ಮೈಕನ್ನು ದಾಟಿ, ಚಾವಣಿಗೆ ಬಡಿದು, ಮರಳಿ ಮೈಕಿಗೆ ಬರುವಾಗ 70 ಸೆಂಟಿಮೀಟರ್ ಹೆಚ್ಚು ನಡೆದಿರುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ ಪ್ರತಿಫಲನ 2 ಮಿಲಿಸೆಕೆಂಡಿನಷ್ಟು ತಡ. ಅಷ್ಟು ತಡವಾದ ಪ್ರತಿ ನೇರ ಸದ್ದಿನೊಂದಿಗೆ ಕೂಡಿದಾಗ 245 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಹಳ್ಳ ಬೀಳುತ್ತದೆ, ಮತ್ತೆ 735ರಲ್ಲಿ, ಮತ್ತೆ 1225ರಲ್ಲಿ. ಮೊದಲ ಹಳ್ಳ ಬಿದ್ದ ಜಾಗ ಯಾವುದು ನೋಡಿ: ಸ್ನೇರಿನ ಮೈಕಟ್ಟು ಇರುವುದೇ ಆ ಸುತ್ತಿನಲ್ಲಿ. ಇಕ್ವಲೈಸರಿನಲ್ಲಿ 245 ಅನ್ನು ಏರಿಸಿದರೆ ಹಳ್ಳ ತುಂಬುವುದಿಲ್ಲ, ಕಳೆದುಹೋದದ್ದನ್ನು ಏರಿಸಲು ಅಲ್ಲಿ ಏನೂ ಉಳಿದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಎಕೆಜಿ ಸಿ414 ತರಹದ, ಪ್ಯಾಟರ್ನ್ (ಯಾವ ದಿಕ್ಕಿನ ಸದ್ದು ಕೇಳಬೇಕೆಂಬುದನ್ನು) ಬದಲಿಸಬಲ್ಲ ಮೈಕ್ ಸಿಕ್ಕಿದರೆ ಬಹಳ ಉಪಕಾರ. ಮೈಕನ್ನು ಅಲುಗಿಸದೆ, ಎಲ್ಲ ದಿಕ್ಕಿನಿಂದಲೂ ಕೇಳುವ ಓಮ್ನಿಯಿಂದ ಮುಂದಿನದನ್ನೇ ಹೆಚ್ಚು ಕೇಳುವ ಕಾರ್ಡಿಯಾಯ್ಡ್‌ಗೆ ಬದಲಿಸಿ. ಕೆಳಮುಖವಾಗಿ ತೂಗುವ ಕಾರ್ಡಿಯಾಯ್ಡ್ ಮೈಕಿನ ಬೆನ್ನು ಚಾವಣಿಯ ಕಡೆಗಿರುತ್ತದೆ. ಆ ಬೆನ್ನಿಗೆ ಕಿವಿ ಮಂದ. ಟೊಳ್ಳುತನ ಕಡಿಮೆಯಾದರೆ ಅಪರಾಧಿ ಚಾವಣಿ. ಹಾಗೆ ಬದಲಿಸಬಲ್ಲ ಮೈಕ್ ಇಲ್ಲದಿದ್ದರೆ, ಇರುವ ಮೈಕನ್ನೇ ಅರ್ಧ ಮೀಟರ್ ಕೆಳಗಿಳಿಸಿ ಮತ್ತೆ ರೆಕಾರ್ಡ್ ಮಾಡಿ ಹೋಲಿಸಿ.

ರಿಬ್ಬನ್ ಮೈಕ್ (ತೆಳು ಲೋಹದ ಪಟ್ಟಿ ಅಲುಗಿ ಸದ್ದು ಹಿಡಿಯುವ ಬಗೆ) ಪ್ರಿಯರು ಇಲ್ಲಿ ವಿಶೇಷ ಗಮನ ಕೊಡಬೇಕು. ಕೋಲ್ಸ್ 4038 ಎಂಬ ರಿಬ್ಬನ್ ಮೈಕ್ ಮೂಲತಃ ಬಿಬಿಸಿ 1950ರ ದಶಕದಲ್ಲಿ ರೂಪಿಸಿದ್ದು, ಸಿಂಬಲ್ಲಿನ ಮೊನಚನ್ನು ಮೃದುವಾಗಿ ಹಿಡಿಯುವುದರಲ್ಲಿ ಅದಕ್ಕೆ ದೊಡ್ಡ ಹೆಸರು. ಆದರೆ ಅದರದು ಎಂಟರ ಆಕಾರದ ಕಿವಿ, ಮುಂದೆ ಎಷ್ಟು ಕೇಳುತ್ತದೋ ಹಿಂದೆಯೂ ಅಷ್ಟೇ. ಚಾವಣಿಯ ಪ್ರತಿಫಲನ ಪೂರ್ತಿ ಒಳಗೆ ಬರುತ್ತದೆ, ಅದೂ ತಿರುಗುಮುರುಗಾದ ಪೊಲಾರಿಟಿಯಲ್ಲಿ (ಅಲೆಯ ಏರು ಇಳಿವಾಗಿ, ಇಳಿವು ಏರಾಗಿ). ಆಗ ಹಳ್ಳಗಳು ಜಾಗ ಬದಲಿಸುತ್ತವೆ: ಅದೇ 35 ಸೆಂಟಿಮೀಟರಿಗೆ ತೀರ ತಳದ ಸದ್ದು ತೆಳುವಾಗುತ್ತದೆ, 490ರ ಬಳಿ ಇನ್ನೊಂದು ಹಳ್ಳ ಬೀಳುತ್ತದೆ. ರಿಬ್ಬನ್ ಹಾಕಿದ ಮೇಲೆ ಕಿಕ್ ಬಡವಾಯಿತು ಎನ್ನುವವರು ಪ್ರೀಆಂಪನ್ನು (ಮೈಕಿನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಸಾಧನವನ್ನು) ಅನುಮಾನಿಸುವ ಮೊದಲು ತಲೆಯೆತ್ತಿ ನೋಡಬೇಕು.

ಪರಿಹಾರಗಳಲ್ಲಿ ಅಗ್ಗದ್ದು ಮೈಕನ್ನು ಇಳಿಸುವುದು. ಸಿಂಬಲ್ಲಿನಿಂದ 60–70 ಸೆಂಟಿಮೀಟರ್ ಮೇಲೆ ಇದ್ದರೂ ಜಾಝ್ ಕಿಟ್ಟು ಪೂರ್ಣವಾಗಿಯೇ ಕೇಳುತ್ತದೆ, ಏಕೆಂದರೆ ಅದು ಚಿಕ್ಕದು ಮತ್ತು ಒತ್ತಾಗಿ ಕೂಡಿಸಿದ್ದು. ಎರಡನೆಯದು, ಮೈಕುಗಳನ್ನು ಮೇಲಿನಿಂದ ತೆಗೆದು ಕಿಟ್ಟಿನ ಮುಂದಕ್ಕೆ ತರುವುದು. ಮೂರನೆಯದು, ಕಿಟ್ಟಿನ ಮೇಲೆ ಹತ್ತು ಸೆಂಟಿಮೀಟರ್ ದಪ್ಪದ ರಾಕ್‌ವುಲ್ ಪ್ಯಾನೆಲನ್ನು ಚಾವಣಿಗೆ ಅಂಟಿಸದೆ, ನಡುವೆ ಸ್ವಲ್ಪ ಜಾಗ ಬಿಟ್ಟು ತೂಗಿಸುವುದು. ಮೊಟ್ಟೆಯ ಟ್ರೇ, ಒಂದಿಂಚಿನ ಸ್ಪಂಜು ಇವು ಮೇಲಿನ ಸದ್ದನ್ನಷ್ಟೇ ಮಂಕಾಗಿಸುತ್ತವೆ. 245 ಹರ್ಟ್ಸ್‌ನ ಅಲೆಯ ಉದ್ದ 1.4 ಮೀಟರ್, ಅದಕ್ಕೆ ಅವು ಇದ್ದದ್ದೂ ತಿಳಿಯುವುದಿಲ್ಲ. ಅವುಗಳಿಂದ ಗೋಡೆಯೆಲ್ಲ ತುಂಬಿಸಿದ ಕೋಣೆಯಲ್ಲಿ ಸಿಂಬಲ್ ಸತ್ತು, ಕಿಕ್ ಮಾತ್ರ ಗುಮ್ಮೆನ್ನುತ್ತಿರುತ್ತದೆ. ಕಿಟ್ಟನ್ನು ಮೂಲೆಯಿಂದ ಒಂದು ಮೀಟರಾದರೂ ಆಚೆ ಎಳೆಯಿರಿ, ಕೆಳಗೆ ಒಂದು ಜಮಖಾನ ಹಾಸಿ. ಅಷ್ಟರಿಂದಲೇ ಬಹಳ ಸುಧಾರಿಸುತ್ತದೆ.

ಒಂದು ಮೈಕಿನಲ್ಲಿ ಚೆನ್ನ, ಎರಡರಲ್ಲಿ ಕೆಟ್ಟದ್ದು

ಈಗ ಓವರ್‌ಹೆಡ್ ಜೋಡಿಯನ್ನು (ಕಿಟ್ಟಿನ ಮೇಲೆ ತೂಗುವ ಎರಡು ಮೈಕುಗಳನ್ನು) ಒಟ್ಟಿಗೆ ತೆರೆದು, ಎರಡನ್ನೂ ಒಂದೇ ಸದ್ದಾಗಿ ಬೆರೆಸುವ ಮೋನೋ ಗುಂಡಿ ಒತ್ತಿ. ಸ್ನೇರ್ ಕುಗ್ಗಿ, ಮೂಗಿನಿಂದ ಬಂದಂತೆ ಕೇಳಿದರೆ ಎರಡು ಮೈಕುಗಳಿಗೂ ಸ್ನೇರಿಗೂ ಇರುವ ದೂರದಲ್ಲಿ ವ್ಯತ್ಯಾಸವಿದೆ. ಒಂದು ಮೀಟರ್ ಒಂದಕ್ಕೆ, 117 ಸೆಂಟಿಮೀಟರ್ ಇನ್ನೊಂದಕ್ಕೆ ಎಂದಾದರೆ ಅರ್ಧ ಮಿಲಿಸೆಕೆಂಡಿನ ಅಂತರ, 1000 ಹರ್ಟ್ಸ್‌ನಲ್ಲಿ ಹಳ್ಳ. ಸ್ಟೀರಿಯೋದಲ್ಲಿ ಅದು ಬೇರೆ ರೂಪದಲ್ಲಿ ಕಾಣುತ್ತದೆ: ಸದ್ದು ಮೊದಲು ತಲುಪಿದ ಮೈಕಿನ ಕಡೆಗೆ ಸ್ನೇರ್ ವಾಲುತ್ತದೆ. ಫೇಡರಿನಲ್ಲಿ ಸಮಮಾಡಿದರೂ ವಾಲು ಹೋಗುವುದಿಲ್ಲ.

ಇದಕ್ಕೆ ಬೇಕಾಗಿರುವುದು ಒಂದು ದಾರ. ಒಂದು ತುದಿಯನ್ನು ಸ್ನೇರಿನ ನಟ್ಟನಡುವೆ ಯಾರಾದರೂ ಬೆರಳಲ್ಲಿ ಒತ್ತಿ ಹಿಡಿಯಲಿ. ಮೊದಲ ಮೈಕಿನ ತಲೆಯವರೆಗೆ ಎಳೆದು ಗಂಟು ಹಾಕಿ, ಅದೇ ಗಂಟಿಗೆ ಎರಡನೆಯ ಮೈಕನ್ನು ತನ್ನಿ. ಕಿಕ್ಕಿನ ನಡುವಿನಿಂದಲೂ ಎರಡಕ್ಕೂ ಹೆಚ್ಚುಕಡಿಮೆ ಸಮವಾಗುವ ಜಾಗ ಸಿಕ್ಕಿದರೆ ಇನ್ನೂ ಒಳ್ಳೆಯದು. ಸಿಂಬಲ್‌ಗಳಿಗೆ ಈ ಸಮತೆ ಬೇಕಿಲ್ಲ, ಅವು ಎಡಬಲಗಳಲ್ಲಿ ಹರಡಿರುವುದೇ ಚೆಂದ. ಇಂಗ್ಲೆಂಡಿನ ಗ್ಲಿನ್ ಜಾನ್ಸ್ ರಾಕ್ ತಂಡಗಳಿಗೆ ಬಳಸಿದ ಕ್ರಮವೂ ಇದೇ ತತ್ವದ ಮೇಲೆ ನಿಂತಿದೆ: ಒಂದು ಮೈಕ್ ಸ್ನೇರಿನ ಮೇಲೆ, ಇನ್ನೊಂದು ಫ್ಲೋರ್ ಟಾಮಿನ ಪಕ್ಕದಿಂದ ಹೈ-ಹ್ಯಾಟ್ ಕಡೆ ನೋಡುತ್ತಾ, ಎರಡೂ ಸ್ನೇರಿನಿಂದ ಸಮದೂರ. ಜಾಝ್‌ಗೂ ಅದು ಚೆನ್ನಾಗಿ ಒಗ್ಗುತ್ತದೆ, ಆದರೆ ಪಕ್ಕದ ಮೈಕಿಗೆ ರೈಡ್ ಜೋರಾಗುವ ಅಪಾಯವಿದೆ. ಅದನ್ನು ತುಸು ಹಿಂದಕ್ಕೆಳೆದರೆ ಮೇಲಿನದನ್ನೂ ಅಷ್ಟೇ ಮೇಲಕ್ಕೆ ಕೊಂಡೊಯ್ಯಬೇಕು.

ದಾರದ ಗೊಡವೆಯೇ ಬೇಡವೆನಿಸಿದರೆ ಎರಡು ಮೈಕುಗಳ ತಲೆಗಳನ್ನು ಒಂದೇ ಜಾಗದಲ್ಲಿ ಸೇರಿಸಿ 90 ಡಿಗ್ರಿ ತೆರೆದಿಡಿ. ಮೋನೋದಲ್ಲಿ ಏನೂ ಕೆಡುವುದಿಲ್ಲ, ಅಗಲ ಮಾತ್ರ ಕಡಿಮೆ. 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನದ ಓಆರ್‌ಟಿಎಫ್ ಕ್ರಮ ಇವೆರಡರ ನಡುವಿನದು. ಕಿಟ್ಟಿನ ಮುಂದೆ ನಿಲ್ಲಿಸಿದಾಗ ನನಗೆ ಅತ್ಯಂತ ಸಹಜವಾಗಿ ಕೇಳಿರುವುದು ಅದೇ.

ಕಿಕ್ ಮೈಕ್ ಏರಿಸಿದರೆ ಕಿಕ್ಕೇ ಮಾಯ

ಬಹಳ ಸಲ ಪೊಲಾರಿಟಿ. ಪೆಡಲ್ ತುಳಿದಾಗ ಮುಂದಿನ ಹೆಡ್ ತನ್ನೆದುರಿನ ಮೈಕಿನ ಕಡೆಗೆ ಉಬ್ಬುತ್ತದೆ. ಮೇಲಿರುವ ಮೈಕಿಗೆ ಅದೇ ಪೆಟ್ಟು ಬೇರೆ ದಿಕ್ಕಿನಿಂದ, ಬೇರೆ ಹೊತ್ತಿಗೆ ತಲುಪುತ್ತದೆ. ಓವರ್‌ಹೆಡ್‌ಗಳನ್ನು ತೆರೆದಿಟ್ಟು, ಕಿಕ್ ಚಾನೆಲಿನಲ್ಲಿ ಅಡ್ಡಗೆರೆ ಎಳೆದ ಸೊನ್ನೆಯ ಗುರುತಿನ ಗುಂಡಿಯನ್ನು ಒತ್ತಿ, ಬಿಡಿ, ಒತ್ತಿ. ತಳದ ಸದ್ದು ಹೆಚ್ಚು ತುಂಬಿ ಬರುವ ಕಡೆಯೇ ಸರಿ. ಎರಡರಲ್ಲೂ ವ್ಯತ್ಯಾಸ ತಿಳಿಯದಿದ್ದರೆ ಮೈಕನ್ನು ಹತ್ತು ಸೆಂಟಿಮೀಟರ್ ಹಿಂದೆ ಮುಂದೆ ಮಾಡಿ ಮತ್ತೆ ಒತ್ತಿ ನೋಡಿ. ಸ್ನೇರಿಗೆ ಮೇಲೂ ಕೆಳಗೂ ಮೈಕ್ ಇಟ್ಟಿದ್ದರೆ ಕೆಳಗಿನದನ್ನು ತಿರುಗಿಸುವುದು ನಿಯಮವೇ.

ಕಿಕ್ ಗುಮ್ಮೆಂದು ಎಳೆಯುತ್ತಿದ್ದರೆ ಹೆಡ್ಡಿಗೆ ತೂತು ಕೊಯ್ಯಬೇಡಿ, ದಿಂಬು ತುಂಬಬೇಡಿ. ಬಡಿಯುವ ಕಡೆಯ ಹೆಡ್ಡಿಗೆ ಒಂದು ಫೆಲ್ಟ್ ಪಟ್ಟಿ ಹಾಕಿದರೆ ಬಾಲ ತುಂಡಾಗುತ್ತದೆ, ಸ್ವರ ಉಳಿಯುತ್ತದೆ. ಮೈಕನ್ನು ಮುಂದಿನ ಹೆಡ್ಡಿನಿಂದ 20–30 ಸೆಂಟಿಮೀಟರ್ ದೂರ ಇಡಿ. ತೀರ ಹತ್ತಿರ ತಂದರೆ ದಿಕ್ಕುಳ್ಳ ಯಾವ ಮೈಕಿನಲ್ಲಾದರೂ ತಳದ ಸದ್ದು ತಾನಾಗಿ ಊದಿಕೊಳ್ಳುತ್ತದೆ.

ಬ್ರಷ್ ಕೇಳುವುದಿಲ್ಲ, ಕೇಳಿದರೆ ಸುಯ್ ಎನ್ನುವ ನಾಯ್ಸ್

ಸ್ನೇರಿನ ಅಂಚಿಗೆ ಐದು ಸೆಂಟಿಮೀಟರ್ ದೂರದಲ್ಲಿ ಮೈಕ್ ಇಟ್ಟು ಬ್ರಷ್ ಹಿಡಿಯಲು ಹೊರಟರೆ ಪ್ರತಿ ಸುತ್ತಿಗೂ ಸದ್ದು ಉಬ್ಬಿ ಇಳಿಯುತ್ತದೆ, ಏಕೆಂದರೆ ಬ್ರಷ್ ಮೈಕಿನ ಹತ್ತಿರ ಬಂದು ದೂರ ಹೋಗುತ್ತಿರುತ್ತದೆ. ಕಂಪ್ರೆಸರ್ ಇದನ್ನು ಸರಿಮಾಡಲಾರದು. ಮೈಕನ್ನು 40–50 ಸೆಂಟಿಮೀಟರಿಗೆ ಹಿಂದೆಗೆಯಿರಿ; ಇಡೀ ವೃತ್ತ ಒಂದೇ ಉಸಿರಾಗುತ್ತದೆ.

ದೂರ ಹೋದಾಗ ನಾಯ್ಸ್ ಕೇಳತೊಡಗಿದರೆ ಆಗ ಮೈಕಿನ ಆಯ್ಕೆಯ ಪ್ರಶ್ನೆ ನಿಜವಾಗಿ ಏಳುತ್ತದೆ. ಎಸ್‌ಎಂ57 ತರಹದ ಡೈನಮಿಕ್ ಮೈಕ್ ಒಂದು ಪಾಸ್ಕಲ್ ಒತ್ತಡಕ್ಕೆ ಎರಡು ಮಿಲಿವೋಲ್ಟಿಗಿಂತ ಕಡಿಮೆ ಕೊಡುತ್ತದೆ. ನಾಯ್ಮನ್ ಕೆಎಂ184 ಅಂಥ ಕಂಡೆನ್ಸರ್ 15 ಮಿಲಿವೋಲ್ಟಿನಷ್ಟು. ಆ ಕೊರತೆಯನ್ನೆಲ್ಲ ಪ್ರೀಆಂಪ್ ತುಂಬಿಸಬೇಕು. ಅಗ್ಗದ ಇಂಟರ್‌ಫೇಸಿಗೆ (ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆಗೆ) ಹಳೆಯ ಮಾದರಿಯ ರಿಬ್ಬನ್ ಜೋಡಿಸಿ ಬ್ರಷ್ ರೆಕಾರ್ಡ್ ಮಾಡಿದರೆ ನಾಯ್ಸ್ ಬರದಿರುವುದು ಕಷ್ಟ. ಮೆಲ್ಲನೆಯ ನುಡಿಸಾಣಿಕೆಗೆ ಕಂಡೆನ್ಸರೇ ಕ್ಷೇಮ. ಫ್ಯಾನ್, ಎಸಿ ಎರಡನ್ನೂ ಟೇಕಿನ ಹೊತ್ತಿನಲ್ಲಿ ನಿಲ್ಲಿಸಿ. 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡುವಾಗ ಗೇನನ್ನು ಗರಿಷ್ಠಕ್ಕೆ ಒಯ್ಯಬೇಕಾಗಿಲ್ಲ: ಜೋರು ಪೆಟ್ಟು ಮೈನಸ್ 10 ಡೆಸಿಬೆಲಿನ ಆಸುಪಾಸಿನಲ್ಲಿ ನಿಂತರೆ ಸಾಕು, ಬ್ರಷ್‌ನಿಂದ ಕೋಲಿಗೆ ಬದಲಾಯಿಸಿದಾಗ ಒಡೆಯುವುದಿಲ್ಲ.

ಸಿಂಬಲ್ ಚುಚ್ಚುತ್ತದೆ, ಅಥವಾ ತೂಗಾಡುತ್ತದೆ

ತೂಗಾಡುವುದಕ್ಕೆ ಕಾರಣ ಮೈಕ್ ಸಿಂಬಲ್ಲಿನ ಅಂಚಿನ ಮಟ್ಟದಲ್ಲಿರುವುದು. ಸಿಂಬಲ್ ಓಲಾಡಿದಂತೆ ಅಂಚು ಮೈಕಿನೆದುರು ಮೇಲೆ ಕೆಳಗೆ ಹಾಯುತ್ತದೆ, ಸದ್ದೂ ಹಾಗೇ ಏರಿಳಿಯುತ್ತದೆ. ಮೈಕನ್ನು ಮೇಲಕ್ಕೆ ಒಯ್ದು, ಗಂಟೆಗೂ (ಸಿಂಬಲ್ಲಿನ ನಡುವಿನ ಉಬ್ಬಿಗೂ) ಅಂಚಿಗೂ ನಡುವಿನ ಭಾಗಕ್ಕೆ ಗುರಿಯಿಡಿ. ಹೈ-ಹ್ಯಾಟ್ ಮುಚ್ಚಿದಾಗ ಫುಸ್ಸೆನ್ನುವುದೂ ಅಂಚಿನ ಗಾಳಿಯೇ. ನನ್ನ ಮಟ್ಟಿಗೆ ಜಾಝ್ ಕಿಟ್ಟಿನಲ್ಲಿ ಹೈ-ಹ್ಯಾಟಿಗೆ ಪ್ರತ್ಯೇಕ ಮೈಕ್ ಬೇಡವೇ ಬೇಡ.

ಚುಚ್ಚುವುದಾದರೆ ಮೈಕನ್ನು 20–30 ಡಿಗ್ರಿ ರೈಡಿನಿಂದ ಆಚೆಗೆ ತಿರುಗಿಸಿ. ಅನೇಕ ಅಗ್ಗದ ಕಂಡೆನ್ಸರ್‌ಗಳಿಗೆ 8ರಿಂದ 12 ಕಿಲೋಹರ್ಟ್ಸ್ ನಡುವೆ ಉಬ್ಬು ಇರುತ್ತದೆ. ಹಾಡುಗಾರಿಕೆಗೆ ಹೊಳಪು ಕೊಡುವ ಆ ಉಬ್ಬೇ ಸಿಂಬಲ್ಲಿಗೆ ಮುಳ್ಳು. ಇನ್ನೊಂದು ಸಂಗತಿ: ದೊಡ್ಡ ಡಯಾಫ್ರಮ್ಮಿನ (ಸದ್ದಿಗೆ ಅಲುಗುವ ಒಳಗಿನ ಪೊರೆಯ) ಮೈಕುಗಳು ಪಕ್ಕದಿಂದ ಬರುವ ಸದ್ದಿನ ಬಣ್ಣ ಕೆಡಿಸುವುದು ಹೆಚ್ಚು, ಚಿಕ್ಕ ಡಯಾಫ್ರಮ್ಮಿನವು ಕಡಿಮೆ. ಜಾಝ್‌ನಲ್ಲಿ ಪಕ್ಕದಿಂದ ನುಸುಳುವ ಸದ್ದೂ ಸಂಗೀತದ ಭಾಗವಾದ್ದರಿಂದ, ಒಂದೇ ಜೋಡಿ ಕೊಳ್ಳುವಷ್ಟು ಹಣವಿರುವವರಿಗೆ ನಾನು ಹೇಳುವುದು ಚಿಕ್ಕ ಡಯಾಫ್ರಮ್ಮಿನ ಕಂಡೆನ್ಸರ್ ಜೋಡಿಯನ್ನೇ. ಕಿಕ್ಕಿಗೆ ಕೈಯಲ್ಲಿರುವ ಯಾವ ದೊಡ್ಡ ಮೈಕ್ ಆದರೂ ನಡೆಯುತ್ತದೆ.

ಬೇಸ್ ಏರಿಸಿದರೆ ಡ್ರಮ್ಮು ದೂರ ಹೋಗುತ್ತದೆ

ಡಬಲ್ ಬೇಸಿನ ಮೈಕ್ ಕಿಟ್ಟಿನಿಂದ ಮೂರು ಮೀಟರ್ ದೂರವಿದ್ದರೆ ಡ್ರಮ್ಮಿನ ಸದ್ದು ಅದರೊಳಗೆ 9 ಮಿಲಿಸೆಕೆಂಡಿನಷ್ಟು ತಡವಾಗಿ ಸೇರುತ್ತದೆ. ಗೇಟ್ (ಮೆಲ್ಲನೆಯ ಸದ್ದನ್ನು ಮುಚ್ಚಿಬಿಡುವ ಸಾಧನ) ಹಾಕಿ ಕತ್ತರಿಸಿದರೆ ಬೇಸ್ ಮಿಡಿದಾಗಲೆಲ್ಲ ಸಿಂಬಲ್ ಹತ್ತಿರ ಬಂದು ದೂರ ಹೋಗುತ್ತದೆ, ಇದ್ದ ದೋಷಕ್ಕಿಂತ ಕೆಟ್ಟದ್ದು. ಒಂದು ಮೈಕ್ ತನ್ನ ವಾದ್ಯದಿಂದ ಇರುವ ದೂರದ ಮೂರು ಪಟ್ಟಾದರೂ ದೂರದಲ್ಲಿ ಪಕ್ಕದ ಮೈಕ್ ಇರಬೇಕು. ಆಗ ನುಸುಳುವ ಸದ್ದು 9.5 ಡೆಸಿಬೆಲಿನಷ್ಟು ಕೆಳಗಿರುತ್ತದೆ. ಅಷ್ಟು ಜಾಗವಿಲ್ಲದ ಕೋಣೆಯಲ್ಲಿ ಬೇಸಿಗೆ ಎಂಟರ ಆಕಾರದ ಮೈಕನ್ನು ಬಳಸಿ, ಏನೂ ಕೇಳದ ಅದರ ಪಕ್ಕವನ್ನು ಕಿಟ್ಟಿನ ಕಡೆಗೆ ತಿರುಗಿಸಿ. ರಿಬ್ಬನ್ನಿಗೆ ಇಲ್ಲಿ ನಿಜವಾದ ಬೆಲೆ. ಹಿಂಬದಿಗೆ ಬರೀ ಗೋಡೆ ಇರದ ಹಾಗೆ ಮಾತ್ರ ನೋಡಿಕೊಳ್ಳಿ.

ವೈರಿನ ತಪ್ಪುಗಳು

ಒಂದೇ ಸಮನೆ ಗುಂಯ್ ಎನ್ನುತ್ತಿದ್ದರೆ ಅದು 50 ಹರ್ಟ್ಸ್‌ನ ಕರೆಂಟು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ನಿಂತರೆ ಗ್ರೌಂಡ್ ಲೂಪ್, ಎಲ್ಲ ಸಾಧನಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ.

ದಾರ ಹಿಡಿದು ಅಳೆದರೂ ಓವರ್‌ಹೆಡ್ ಜೋಡಿ ಟೊಳ್ಳಾಗಿಯೇ ಕೇಳಿದರೆ ಕೇಬಲನ್ನು ಅನುಮಾನಿಸಿ. ಬೆಸುಗೆ ಹಾಕುವಾಗ ಎಕ್ಸ್‌ಎಲ್‌ಆರ್ ಪ್ಲಗ್ಗಿನ 2 ಮತ್ತು 3ನೇ ಪಿನ್ ಅದಲುಬದಲಾದರೆ ಆ ಮೈಕಿನ ಪೊಲಾರಿಟಿಯೇ ತಿರುಗಿರುತ್ತದೆ. ಒಂದೇ ಮಾದರಿಯ ಎರಡು ಮೈಕುಗಳ ತಲೆಗಳನ್ನು ಒತ್ತಟ್ಟಿಗೆ ಹಿಡಿದು, ಗೇನ್ ಸಮಮಾಡಿ, ಮೋನೋದಲ್ಲಿ ಮಾತಾಡಿ. ಧ್ವನಿ ಇಮ್ಮಡಿಯಾಗುವ ಬದಲು ತೆಳುವಾಗಿ ಅಡಗಿದರೆ ಕೇಬಲ್‌ಗಳನ್ನು ಅದಲುಬದಲಿಸುತ್ತಾ ಯಾವುದೆಂದು ಹಿಡಿಯಿರಿ. ರಿಬ್ಬನ್ ಜೋಡಿಸುವ ಮೊದಲಂತೂ ಪ್ರತಿ ಕೇಬಲನ್ನೂ ಪರೀಕ್ಷಿಸಲೇಬೇಕು: ಸರಿಯಾದ ಕೇಬಲಿನಲ್ಲಿ 48 ವೋಲ್ಟಿನ ಫ್ಯಾಂಟಮ್ (ಕಂಡೆನ್ಸರ್ ಮೈಕಿಗೆ ಕೇಬಲಿನಲ್ಲೇ ಕಳಿಸುವ ವಿದ್ಯುತ್) ಎರಡೂ ಪಿನ್ನುಗಳಲ್ಲಿ ಸಮವಾಗಿರುವುದರಿಂದ ಹೆಚ್ಚಿನ ರಿಬ್ಬನ್‌ಗಳಿಗೆ ತೊಂದರೆಯಿಲ್ಲ, ಒಂದು ಪಿನ್ ತುಂಡಾಗಿದ್ದರೆ ರಿಬ್ಬನ್ ಹಿಗ್ಗಿ ಹಾಳಾಗಬಹುದು. ಫ್ಯಾಂಟಮ್ ಆರಿಸಿ, ಒಂದು ನಿಮಿಷ ಕಾದು, ಆಮೇಲೆ ಜೋಡಿಸಿ.

ಸದ್ದು ಸರಿಯಾದ ಕೂಡಲೇ ಸ್ಟ್ಯಾಂಡುಗಳ ಕಾಲಿನ ಸುತ್ತ, ಕಿಟ್ಟಿನ ಕಾಲುಗಳ ಸುತ್ತ ನೆಲಕ್ಕೆ ಟೇಪು ಅಂಟಿಸಿ, ಪ್ರತಿ ಮೈಕಿನ ಎತ್ತರ ಮತ್ತು ಸ್ನೇರಿನಿಂದ ದೂರ ಬರೆದಿಟ್ಟುಕೊಳ್ಳಿ. ಊಟ ಮುಗಿಸಿ ಬಂದ ಡ್ರಮ್ಮರ್ ರೈಡನ್ನು ನಾಲ್ಕು ಬೆರಳು ಸರಿಸಿದರೂ ಮಧ್ಯಾಹ್ನದ ಟೇಕ್ ಬೆಳಗಿನದಕ್ಕೆ ಹೊಂದುವುದಿಲ್ಲ.